ಯೋಜನೆಗಳು ತಾಂಡಾದ ತನಕ ನಡೆದು ಬರಲಿ

ಗದಗ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉಪನಿರ್ದೇಶಕರೇ,

ನಿಮ್ಮ ಇಲಾಖೆ ನಮ್ಮ ಮಕ್ಕಳಿಗೆ ಕೊಡುತ್ತಿರುವುದು ಕಡಿಮೆಯೇನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ರಾಜ್ಯದಲ್ಲಿ 2002ರಲ್ಲಿ ಶುರುವಾದ ಅಕ್ಷರ ದಾಸೋಹ, 2013ರಿಂದ ಕ್ಷೀರಭಾಗ್ಯದ ಹಾಲು, ಈಚಿನ ವರ್ಷಗಳಲ್ಲಿ ಮೊಟ್ಟೆ ಅಥವಾ ಬಾಳೆಹಣ್ಣು. ಪಠ್ಯಪುಸ್ತಕ, ಸಮವಸ್ತ್ರ, ಶೂ. ಸಣ್ಣ ತರಗತಿಗಳಿಗೆ ನಲಿ-ಕಲಿ. ಕರ್ನಾಟಕ ಪಬ್ಲಿಕ್ ಶಾಲೆ, ಆದರ್ಶ ವಿದ್ಯಾಲಯ, ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ. ಬೆಟಗೇರಿಯ ನೇಕಾರರ ಓಣಿಗಾಗಲಿ, ಲಕ್ಷ್ಮೇಶ್ವರದ ಶೇಂಗಾ ಹೊಲಗಳ ಊರಿಗಾಗಲಿ ಇವು ಆಸರೆಯಾಗಿವೆ. ದುಡಿಯುವ ಮನೆಯ ಮಗು ಮಧ್ಯಾಹ್ನ ಬಿಸಿಯೂಟ ಉಂಡು ಪಾಠಕ್ಕೆ ಕೂಡುವುದು ಸಣ್ಣ ಮಾತಲ್ಲ.

ಆದರೆ ಇವೆಲ್ಲ ಸಿಗುವುದು ಶಾಲೆಯ ಗೇಟಿನ ಒಳಗೆ ಬಂದ ಮಗುವಿಗೆ. ಒಳಗೆ ಬರಲಾಗದ, ಬಂದರೂ ನಿಲ್ಲಲಾಗದ ಮಕ್ಕಳಿಗಾಗಿ ಬೇರೆ ಸೇವೆಗಳಿವೆ. ಕಾನೂನಿನಲ್ಲಿವೆ, ಸಮಗ್ರ ಶಿಕ್ಷಣದ ಕ್ರಿಯಾಯೋಜನೆಯಲ್ಲಿವೆ. ಅವು ಯಾರಿಗಾಗಿ ಹುಟ್ಟಿದವೋ ಅವರ ಮನೆಯ ತನಕ ಆ ಸುದ್ದಿಯೇ ಮುಟ್ಟುತ್ತಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಮೊದಲು ಗುಳೆ ಹೋಗುವ ಮಕ್ಕಳ ಮಾತು. ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಲಂಬಾಣಿ ತಾಂಡಾಗಳಲ್ಲಿ ಹೊಲದ ಕೆಲಸ ಮುಗಿಯುತ್ತಿದ್ದಂತೆ ಮನೆಗಳಿಗೆ ಬೀಗ ಬೀಳುತ್ತದೆ. ಕೆಲವರು ಗೋವಾಕ್ಕೆ, ಕೆಲವರು ಮಂಗಳೂರು, ಉಡುಪಿಯ ಕಡೆಗೆ ಕಟ್ಟಡದ ಕೆಲಸಕ್ಕೆ, ಇನ್ನು ಕೆಲವರು ಕಬ್ಬು ಕಡಿಯಲು. ಅಜ್ಜಿಯೋ ಅಜ್ಜನೋ ಇದ್ದರೆ ಮಕ್ಕಳು ಊರಲ್ಲಿ ಉಳಿಯುತ್ತಾರೆ, ಇಲ್ಲದಿದ್ದರೆ ಗಂಟುಮೂಟೆಯ ಜೊತೆ ಅವರೂ ಹೊರಡುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೈರು, ಗೈರು ಎಂದು ತಿಂಗಳುಗಟ್ಟಲೆ ಸಾಗುತ್ತದೆ. ತಿರುಗಿ ಬಂದ ಮಗುವಿಗೆ ಪಾಠ ಹತ್ತುವುದಿಲ್ಲ. ಎರಡು ವರ್ಷ ಹೀಗಾದರೆ ಅದು ಕೆಲಸಕ್ಕೇ ನಿಂತುಬಿಡುತ್ತದೆ.

ಇಂಥ ಮಕ್ಕಳಿಗೆಂದೇ ಊರಲ್ಲಿಯೇ ಇದ್ದು ಕಲಿಯುವ ಋತುಮಾನದ ವಸತಿ ವ್ಯವಸ್ಥೆಗೆ ಸಮಗ್ರ ಶಿಕ್ಷಣದಲ್ಲಿ ಅವಕಾಶವಿದೆ. ಕೆಲಸದ ಜಾಗದಲ್ಲಿ ಟೆಂಟ್ ಶಾಲೆಗೆ ಅವಕಾಶವಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ರಾಜ್ಯದ ಒಳಗಾಗಲಿ ಹೊರಗಾಗಲಿ ಬೇರೆ ಶಾಲೆಗೆ ಹೋಗುವ ಹಕ್ಕನ್ನು ಮಗುವಿಗೆ ಕೊಟ್ಟಿದೆ. ವರ್ಗಾವಣೆ ಪತ್ರ ತಡವಾಯಿತೆಂದು ಹೊಸ ಶಾಲೆ ಆ ಮಗುವನ್ನು ತಿರುಗಿ ಕಳಿಸುವಂತಿಲ್ಲ. ಗೋವಾದ ಬಸ್ ಹತ್ತುವ ತಾಯಿಗೆ ಇದನ್ನು ಹೇಳಿದವರು ಯಾರು? ವಸತಿಯ ಏರ್ಪಾಡು ಗುಳೆ ಹೊರಡುವ ಮೊದಲೇ ಆಗಬೇಕು. ಬೀಗ ಬಿದ್ದ ಮೇಲೆ ಮಂಜೂರಾತಿ ಬಂದರೆ ಉಳಿಯುವ ಮಕ್ಕಳೆಲ್ಲಿ?

ಎರಡನೆಯದು ಅಂಗವಿಕಲ ಮಕ್ಕಳದ್ದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ನಡೆದಾಡಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣವಿದೆ, ಸಂಪನ್ಮೂಲ ಶಿಕ್ಷಕರು ಮನೆಗೇ ಬರಬೇಕು. ಸಾಧನ ಸಲಕರಣೆಗಾಗಿ ವೈದ್ಯಕೀಯ ಮೌಲ್ಯಾಂಕನ ಶಿಬಿರಗಳಿವೆ. ಆದರೆ ಶಿಬಿರ ತಾಲ್ಲೂಕು ಕೇಂದ್ರದಲ್ಲಿ ನಡೆದರೆ ಹಳ್ಳಿಯ ತಾಯಿ ಅಂದಿನ ಕೂಲಿ ಬಿಟ್ಟು, ಬೆಳೆದ ಮಗುವನ್ನು ಎತ್ತಿಕೊಂಡು ಬಸ್ ಹತ್ತಬೇಕು. ಎಷ್ಟು ಮಂದಿಗೆ ಅದು ಸಾಧ್ಯ? ಅಂಗವಿಕಲ ಮಗುವಿನ ಬಳಿಗೇ ವಿದ್ಯೆ ಹೋಗಬೇಕೆಂಬುದನ್ನು ಗದಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ವತಃ ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳು ಅಂಧ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದ ಊರು ಇದು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರಲ್ಲಿ ತಮ್ಮ ಕೊನೆಯುಸಿರಿನವರೆಗೂ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ಕೆಲಸ ನಡೆಸಿದರು. ಕಾಯ್ದೆ ಬರುವುದಕ್ಕೆ ಎಷ್ಟೋ ದಶಕ ಮೊದಲೇ ಅಂಧ ಮಗುವೂ ವಿದ್ಯೆಗೆ ಅಧಿಕಾರಿ ಎಂದು ತೋರಿಸಿಕೊಟ್ಟ ಜಿಲ್ಲೆಯಲ್ಲಿ ಒಂದು ಮಗುವೂ ಹಿತ್ತಲ ಕೋಣೆಯಲ್ಲಿ ಉಳಿಯಬಾರದು.

ಮೂರನೆಯದು ಏಳನೆಯ ತರಗತಿ ಮುಗಿಸಿದ ಹುಡುಗಿಯರದ್ದು. ಊರ ಶಾಲೆ ಏಳಕ್ಕೆ ಮುಗಿಯುತ್ತದೆ, ಹೈಸ್ಕೂಲು ಇರುವುದು ಬೇರೆ ಊರಲ್ಲಿ. 2006-07ರಲ್ಲಿ ಶುರುವಾದ ಎಂಟನೆಯ ತರಗತಿಯ ಸೈಕಲ್ ಕೋವಿಡ್ ಕಾಲದಲ್ಲಿ ನಿಂತಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರ ಬಸ್ ಪ್ರಯಾಣಕ್ಕೆ ದುಡ್ಡಿಲ್ಲ, ನಿಜ. ಆದರೆ ಶಾಲೆಯ ಗಂಟೆಗೂ ಬಸ್ಸಿನ ವೇಳೆಗೂ ಹೊಂದಿಕೆಯಾಗದಿದ್ದರೆ ಪುಕ್ಕಟೆ ಟಿಕೆಟ್ಟಿನಿಂದ ಏನು ಬಂತು? ಸಂಜೆ ಕತ್ತಲಾಗುವವರೆಗೆ ಮಗಳು ನಿಲ್ದಾಣದಲ್ಲಿ ನಿಲ್ಲಬೇಕಾದರೆ ಯಾವ ತಂದೆಯೂ ಎರಡನೇ ಸಲ ಯೋಚಿಸುತ್ತಾನೆ. ಆ ಯೋಚನೆ ಮದುವೆಯ ಮಾತಿಗೆ ಹೋಗಿ ನಿಲ್ಲಲು ಬಹಳ ದಿನ ಬೇಕಾಗುವುದಿಲ್ಲ.

ವ್ಯವಸ್ಥೆ ಬಾಗಲಾರದು ಎಂದು ಯಾರೂ ಹೇಳುವಂತಿಲ್ಲ. 2023ರ ಬರದ ನಂತರ 2024ರ ಬೇಸಿಗೆ ರಜೆಯಲ್ಲೂ ಬರಪೀಡಿತ ತಾಲ್ಲೂಕುಗಳಲ್ಲಿ ಬಿಸಿಯೂಟದ ಒಲೆ ಉರಿಯಿತು. ಹಸಿವಿಗೆ ರಜೆಯಿಲ್ಲ ಎಂದು ಇಲಾಖೆ ಅಂದು ಒಪ್ಪಿತು. ಗುಳೆಗೂ, ಅಂಗವೈಕಲ್ಯಕ್ಕೂ, ಬಸ್ಸಿಲ್ಲದ ದಾರಿಗೂ ಅದೇ ಮನಸ್ಸು ಬೇಕು.

ನನ್ನ ಬೇಡಿಕೆಗಳು ನಾಲ್ಕು. ಇವಕ್ಕೆ ಹೊಸ ಯೋಜನೆ ಬೇಡ, ಇರುವುದನ್ನು ನಡೆಸುವ ಕೈ ಬೇಕು.

ಒಂದು, ಪ್ರತಿ ಸರ್ಕಾರಿ ಶಾಲೆಯ ರಸ್ತೆಯ ಕಡೆಗಿನ ಗೋಡೆಯ ಮೇಲೆ ಮಗುವಿಗೆ ಸಿಗಬೇಕಾದ ಎಲ್ಲ ಸೇವೆಗಳನ್ನು ತಿಳಿಗನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆಸಿ. ಸಿಗದಿದ್ದರೆ ಯಾರನ್ನು ಕೇಳಬೇಕೆಂಬುದೂ ಅಲ್ಲಿರಲಿ. ಓದಲು ಬಾರದವರಿಗಾಗಿ ಜೂನ್ ತಿಂಗಳ ಪಾಲಕರ ಸಭೆಯಲ್ಲಿ ಅದನ್ನು ಓದಿ ಹೇಳಿಸಿ, ತಾಂಡಾಗಳಲ್ಲಿ ಲಂಬಾಣಿಯಲ್ಲೇ ಹೇಳಿಸಿ.

ಎರಡು, ದಸರಾ ರಜೆಗೆ ಮೊದಲೇ ಗುಳೆ ಹೋಗುವ ಮನೆಗಳ ಪಟ್ಟಿ ಮಾಡಿಸಿ, ದೀಪಾವಳಿಯ ಹೊತ್ತಿಗೆ ಮಕ್ಕಳ ವಸತಿಯನ್ನು ತೆರೆಯಿರಿ. ಹೊರಟೇ ಹೋಗುವ ಮಗುವಿನ ಕೈಗೆ ವರ್ಗಾವಣೆ ಪತ್ರ ಕೊಟ್ಟು ಕಳಿಸಿ.

ಮೂರು, ಸಂಪನ್ಮೂಲ ಶಿಕ್ಷಕರು ಯಾವ ಊರಿಗೆ ಯಾವ ದಿನ ಬರುತ್ತಾರೆಂಬ ವೇಳಾಪಟ್ಟಿ ಗ್ರಾಮ ಪಂಚಾಯಿತಿಯಲ್ಲಿ ತೂಗುಬೀಳಲಿ. ಮೌಲ್ಯಾಂಕನ ಶಿಬಿರಗಳು ಹೋಬಳಿ ಮಟ್ಟಕ್ಕೆ ಇಳಿಯಲಿ.

ನಾಲ್ಕು, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಅಧಿಕಾರಿಗಳ ಜೊತೆ ವರ್ಷಾರಂಭದಲ್ಲೇ ಕುಳಿತು, ಹೈಸ್ಕೂಲುಗಳ ವೇಳೆಗೆ ತಕ್ಕಂತೆ ಬಸ್ ಬಿಡಿಸಿ.

ಊರವರ ಪಾಲಿನ ಕೆಲಸಕ್ಕೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಅವುಗಳ ಎದುರು ಲೆಕ್ಕ ಇಡಿ, ಕೆಲಸ ಒಪ್ಪಿಸಿ. 1905ರಲ್ಲೇ ಕಣಗಿನಹಾಳದ ರೈತರು ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರ ಸಂಘ ಕಟ್ಟಿ ನಡೆಸಿದ ನೆಲವಿದು. ನಂಬಿ ಕೊಟ್ಟ ಹೊಣೆಯನ್ನು ಇಲ್ಲಿನ ಜನ ಕೈಬಿಡುವವರಲ್ಲ.

ಮುಂದಿನ ಜೂನ್‌ನಲ್ಲಿ ದಾಖಲಾತಿಯ ಅಂಕಿಯ ಜೊತೆಗೆ ಇನ್ನೂ ಮೂರು ಅಂಕಿಗಳನ್ನು ತಾಲ್ಲೂಕುವಾರು ಪ್ರಕಟಿಸಿ: ಗುಳೆ ಹೋದ ಮನೆಗಳ ಎಷ್ಟು ಮಕ್ಕಳು ಶಾಲೆಯಲ್ಲಿ ಉಳಿದರು, ಎಷ್ಟು ಅಂಗವಿಕಲ ಮಕ್ಕಳ ಮನೆಗೆ ಶಿಕ್ಷಕರು ಹೋದರು, ಏಳನೆಯದು ಮುಗಿಸಿದ ಎಷ್ಟು ಹುಡುಗಿಯರು ಎಂಟಕ್ಕೆ ಸೇರಿದರು. ಈ ಮೂರು ಅಂಕಿಗಳು ವರ್ಷದಿಂದ ವರ್ಷಕ್ಕೆ ಏರಿದರೆ ನಿಮ್ಮ ಯೋಜನೆಗಳು ತಾಂಡಾ ಮುಟ್ಟಿವೆ ಎಂದು ನಾವೆಲ್ಲ ಒಪ್ಪುತ್ತೇವೆ.

ಗೌರವಪೂರ್ವಕವಾಗಿ,
ಗದಗ-ಬೆಟಗೇರಿಯ ಒಬ್ಬ ಪಾಲಕ