ಅರಿಕೆಯೋ, ಅಪ್ಪಣೆಯೋ

ಗುಡೂರು, ಇಳಕಲ್ಲ, ಹುನಗುಂದದ ಕಡೆ ಡಬ್ಬಿಯಲ್ಲಿ ಅಕ್ಕಿ ತೀರಿದರೆ ತೀರಿತು ಎನ್ನುವುದಿಲ್ಲ, ‘ಅಕ್ಕಿ ಹೆಚ್ಚ್ಯಾವ’ ಎನ್ನುತ್ತಾರೆ. ಬಳೆ ಒಡೆದರೂ ಅದು ಹೆಚ್ಚಾಗುತ್ತದೆ. ದೀಪವನ್ನು ಆರಿಸುವುದಿಲ್ಲ, ಶಾಂತ ಮಾಡುತ್ತಾರೆ. ಹೊಸ್ತಿಲು ದಾಟುವವರು ‘ಹೋಕ್ಕೀನಿ’ ಎಂದರೆ ಒಳಗಿನಿಂದ ಅಜ್ಜಿಯ ದನಿ ಬರುತ್ತದೆ: ‘ಹೋಗಿ ಬರ್ತೀನಿ ಅನ್ನು.’ ಮಗು ಸಿಟ್ಟಿನಲ್ಲಿ ಸಾವಿನ ಮಾತೆತ್ತಿದರೆ ‘ಬಿಡ್ತು ಅನ್ನು’ ಎಂದು ಗದರುತ್ತಾರೆ, ಅದು ಅನ್ನುವವರೆಗೆ ಬಿಡುವುದಿಲ್ಲ. ಆಡಿದ ಮಾತಿಗೆಲ್ಲ ಅಸ್ತು ಎನ್ನುವ ದೇವತೆಗಳು ತಲೆಯ ಮೇಲೆ ತಿರುಗುತ್ತಿರುತ್ತಾರೆ ಎಂಬ ನಂಬಿಕೆ ಅದರ ಹಿಂದಿದೆ.

ಆದ್ದರಿಂದ ‘ನಿನ್ನ ಬಾಯಿಂದ ಏನು ಬರುತ್ತದೋ ಅದೇ ನಿನ್ನ ಬದುಕಾಗುತ್ತದೆ’ ಎಂದು ಪಾಸ್ಟರ್ ಒಬ್ಬರು ಮೈಕಿನಲ್ಲಿ ಹೇಳಿದಾಗ ನಮ್ಮ ಕಡೆಯ ಕಿವಿಗಳಿಗೆ ಅದು ಹೊಸದೆನಿಸುವುದಿಲ್ಲ. ‘ನಾನು ಗುಣಹೊಂದಿದ್ದೇನೆ ಎಂದು ಹೇಳಿರಿ, ಸಾಲದಿಂದ ಬಿಡುಗಡೆ ಹೊಂದಿದ್ದೇನೆ ಎಂದು ಘೋಷಿಸಿರಿ’ ಎಂದರೆ ಇಡೀ ಸಭೆ ಹೇಳುತ್ತದೆ. ಜ್ವರ ಬಂದವರು ಜ್ವರ ಎನ್ನಬಾರದು, ಅದು ಅವಿಶ್ವಾಸದ ಮಾತು. ಬಿಡ್ತು ಅನ್ನು ಎಂಬುದೇ ಬೇರೆ ಬಟ್ಟೆ ತೊಟ್ಟು ಬಂದಂತೆ ನನಗೆ ಎಷ್ಟೋ ಸಲ ಕಂಡಿದೆ. ಈ ಬೋಧನೆಯನ್ನು ಮೆಚ್ಚುವವರ ನಡುವೆಯೂ ಕೂತಿದ್ದೇನೆ, ಕಟುವಾಗಿ ವಿರೋಧಿಸುವವರ ನಡುವೆಯೂ ಕೂತಿದ್ದೇನೆ. ಇಬ್ಬರಲ್ಲೂ ನನಗೆ ಬೇಕಾದವರಿದ್ದಾರೆ.

ಕ್ರೈಸ್ತ ನಂಬಿಕೆ ಈ ಸೀಮೆಗೆ ಬಂದದ್ದು ಹೀಗೆ ಘೋಷಿಸುತ್ತ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೂ 1851ರಲ್ಲಿ ಗುಡೂರಿಗೆ ದೂರವಲ್ಲದ ಗುಳೇದಗುಡ್ಡಕ್ಕೂ ತಲುಪಿತು. ಅದಕ್ಕೆ ಸುಮಾರು ಹತ್ತು ವರ್ಷ ಮೊದಲು, ಕಾಲಜ್ಞಾನದ ಮಾತುಗಳನ್ನು ನಂಬಿಕೊಂಡಿದ್ದ ಕೆಲವರು ತಾವು ಕಾಯುತ್ತಿದ್ದ ನುಡಿ ನಿಜವಾಯಿತೇನೋ ಎಂಬ ಆಸೆಯಿಂದ ಧಾರವಾಡ ಸೀಮೆಯ ಮಿಶನರಿಗಳ ಹತ್ತಿರ ಬಂದಿದ್ದರು. ಗದಗ ಬೆಟಗೇರಿಯ ಬಳಿಯ ಮಲಸಮುದ್ರದಲ್ಲಿ ಅವರಿಗಾಗಿ ಒಂದು ವಸಾಹತನ್ನೇ ಕಟ್ಟುವ ಪ್ರಯತ್ನ ನಡೆಯಿತು. ಇಲ್ಲಿನ ಕ್ರೈಸ್ತ ಚರಿತ್ರೆಯ ಹೊಸ್ತಿಲಲ್ಲೇ ಹೀಗೆ ಮುಂದೆ ಆಗುವುದನ್ನು ನುಡಿದ ಮಾತೊಂದು ನಿಂತಿದೆ. ಆದರೂ ಆ ಮಿಶನ್ನಿನ ಹಳೆಯ ಸಭೆಗಳಿಗೆ ದಕ್ಕಿದ ರೂಢಿ ಗಂಭೀರವಾದದ್ದು: ಪಾಪದ ಅರಿಕೆ, ಕೀರ್ತನೆ, ದೀರ್ಘವಾದ ಪ್ರಸಂಗ, ಕೆಲಸ.

ಘೋಷಣೆಯ ಬೋಧನೆ ಬಂದದ್ದು ಬೇರೆ ದಾರಿಯಿಂದ. ಅಮೆರಿಕದ ಇ. ಡಬ್ಲ್ಯೂ. ಕೆನ್ಯನ್ (1867–1948) ಬರೆದದ್ದನ್ನು ಕೆನೆತ್ ಹೇಗಿನ್ (1917–2003) ಜನಪ್ರಿಯಗೊಳಿಸಿದರು. ಪುಸ್ತಕ, ಕ್ಯಾಸೆಟ್, ಟೀವಿ, ಈಗ ಮೊಬೈಲು ಅದನ್ನು ಹಳ್ಳಿಯ ತನಕ ತಂದಿವೆ. ಕ್ರಿಸ್ತನಲ್ಲಿ ದೇವರು ಕೊಟ್ಟದ್ದನ್ನು ಬಾಯಿಂದ ಹೇಳಿದಾಗ ಅದು ಕೈಗೆ ಬರುತ್ತದೆ ಎಂಬುದು ಅದರ ತಿರುಳು.

ಇದನ್ನು ಬರೀ ಆಮದಿನ ಸರಕೆಂದು ತಳ್ಳಿಹಾಕುವುದು ಅನ್ಯಾಯ. ಬೈಬಲಿನಲ್ಲಿ ಇದಕ್ಕೆ ಆಧಾರವಿದೆ, ಅದೂ ಗಟ್ಟಿಯಾಗಿಯೇ ಇದೆ. ಜೀವವೂ ಮರಣವೂ ನಾಲಗೆಯ ವಶದಲ್ಲಿವೆ ಎಂಬರ್ಥದ ಮಾತು ಜ್ಞಾನೋಕ್ತಿಯ ಹದಿನೆಂಟನೆಯ ಅಧ್ಯಾಯದಲ್ಲಿದೆ. ಶತ್ರುಗಳಿಗೆ ಹೆದರಿ ದ್ರಾಕ್ಷಿಯ ತೊಟ್ಟಿಯಲ್ಲಿ ಅಡಗಿ ಗೋದಿ ಬಡಿಯುತ್ತಿದ್ದ ಗಿದ್ಯೋನನನ್ನು ದೇವದೂತ ಪರಾಕ್ರಮಿಯೆಂದೇ ಕರೆಯುತ್ತಾನೆ. ಆ ಹೊತ್ತಿಗೆ ಆ ಮಾತು ನಿಜವಾಗಿರಲಿಲ್ಲ, ಆಮೇಲೆ ಆಯಿತು. ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿ, ವೈದ್ಯರಿಗೆ ಇದ್ದದ್ದೆಲ್ಲ ಸುರಿದ ಹೆಂಗಸು ಯೇಸುವಿನ ಉಡುಪು ಮುಟ್ಟಿದರೆ ಸಾಕು, ವಾಸಿಯಾಗುತ್ತೇನೆ ಎಂದು ತನ್ನೊಳಗೇ ಅಂದುಕೊಳ್ಳುತ್ತಾಳೆ. ತನಗೆ ತಾನೇ ಆಡಿಕೊಂಡ ಆ ಮಾತು ಅವಳನ್ನು ಜನಜಂಗುಳಿಯ ನಡುವೆ ನಡೆಸಿತು.

ಘೋಷಣೆಯ ಪರವಾದ ಇನ್ನೂ ದೊಡ್ಡ ವಾದ ಪುಸ್ತಕದಲ್ಲಿಲ್ಲ, ಜನರ ಬದುಕಿನಲ್ಲಿದೆ. ಮನಸ್ಸು ಎಂದೂ ಖಾಲಿಯಿರುವುದಿಲ್ಲ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಎಂಟು ಹತ್ತು ತಾಸು ಇಳಕಲ್ಲ ಸೀರೆ ನೇಯುವವರಿಗೆ ಇದು ಗೊತ್ತು. ಲಾಳಿ ಅತ್ತಿತ್ತ ಓಡುವಷ್ಟು ಹೊತ್ತೂ ಒಳಗೆ ಒಂದು ಮಾತು ಓಡುತ್ತಲೇ ಇರುತ್ತದೆ. ಆ ಮಾತು ಯಾರದು? ದಲಿತ ಕೇರಿಯಲ್ಲಿ ಬೆಳೆದ ಹುಡುಗನ ಕಿವಿಗೆ ಚಿಕ್ಕಂದಿನಿಂದ ಬಿದ್ದದ್ದು ಜಾತಿಯ ಹೆಸರಿನ ಬೈಗುಳ. ಹೆಣ್ಣು ಹಡೆದವಳ ಕಿವಿಗೆ ಬಿದ್ದದ್ದು ‘ನಿನ್ನ ಹಣೆಬರಹ’. ಗಂಡ ಸತ್ತವಳಿಗೆ ‘ಕಾಲ್ಗುಣ’. ಯಾರೋ ಆಡಿದ ಇವೇ ಮಾತುಗಳು ವರ್ಷಗಳಲ್ಲಿ ಅವರ ಸ್ವಂತ ದನಿಯಾಗಿ ಒಳಗೆ ಕೂತಿರುತ್ತವೆ. ಅಂಥವಳು ಒಂದು ಚಿಕ್ಕ ಸಭೆಯಲ್ಲಿ ಎದ್ದು ನಿಂತು ‘ನಾನು ದೇವರ ಮಗಳು’ ಎಂದು ಬಾಯಿಬಿಟ್ಟು ಹೇಳುವುದು ಸಣ್ಣ ಸಂಗತಿಯಲ್ಲ. ಹೇಳುವ ಮೊದಲು ಬಾಗಿದ್ದ ಬೆನ್ನು ಆಮೇಲೆ ನೆಟ್ಟಗಾದದ್ದನ್ನು ನಾನು ನೋಡಿದ್ದೇನೆ. ಹಳೆಯ ಗಂಭೀರ ಸಭೆಗಳು ಪಾಪವನ್ನು ಒಪ್ಪಿಕೊಳ್ಳಲು ಕಲಿಸಿದಷ್ಟು ಚೆನ್ನಾಗಿ ಇದನ್ನು ಕಲಿಸಲಿಲ್ಲ. ಮೊದಲೇ ತನ್ನನ್ನು ಹೊಲಸು ಎಂದುಕೊಂಡವಳಿಗೆ ನೀನು ಪಾಪಿ ಎಂದಷ್ಟೇ ಹೇಳಿ ಕಳಿಸಿದರೆ ಅವಳಿಗೆ ಸಿಕ್ಕ ಸುವಾರ್ತೆಯಾದರೂ ಯಾವುದು?

ಇಷ್ಟನ್ನು ಪೂರ್ತಿ ಒಪ್ಪಿಯೂ ನನ್ನ ಮನಸ್ಸು ಒಂದು ಕಡೆ ನಿಂತುಬಿಡುತ್ತದೆ. ‘ನಾನು ದೇವರ ಮಗಳು’ ಎಂಬುದೂ ‘ನನಗೆ ಸಕ್ಕರೆ ಕಾಯಿಲೆ ಇಲ್ಲ’ ಎಂಬುದೂ ಒಂದೇ ಬಗೆಯ ಮಾತಲ್ಲ. ಎರಡನೆಯದು ರಕ್ತಪರೀಕ್ಷೆಯಲ್ಲಿ ತಿಳಿಯುವ ವಿಷಯ. ಗುಳಿಗೆ ನುಂಗುವುದೇ ಅವಿಶ್ವಾಸವೆಂದು ಬಗೆದು ಬಿಟ್ಟವರ ಕಾಲಿನ ಹುಣ್ಣು ಘೋಷಣೆಯಿಂದ ಮಾಯುವುದಿಲ್ಲ. ಅದಕ್ಕಿಂತ ಕ್ರೂರವಾದದ್ದು ಆಮೇಲೆ ನಡೆಯುತ್ತದೆ. ಕಾಯಿಲೆ ಹೋಗದಿದ್ದರೆ ತಪ್ಪು ಯಾರ ಮೇಲೆ? ಬೋಧಿಸಿದವರ ಮೇಲಂತೂ ಅಲ್ಲ. ‘ನಿನ್ನ ವಿಶ್ವಾಸ ಸಾಲಲಿಲ್ಲ’, ‘ಎಲ್ಲೋ ಬಾಯಿ ತಪ್ಪಿ ಆಡಿದ್ದೀ’ ಎಂಬ ಉತ್ತರ ಹಾಸಿಗೆ ಹಿಡಿದವರ ಮೇಲೇ ಬೀಳುತ್ತದೆ. ಹಣೆಬರಹದಿಂದ ಬಿಡಿಸುತ್ತೇವೆಂದು ಹೊರಟ ಮಾತು ಇನ್ನೊಂದು ಹಣೆಬರಹವನ್ನು ಬರೆಯುತ್ತದೆ. ನನ್ನ ಸಿಟ್ಟೆಲ್ಲ ಇರುವುದು ಇಲ್ಲಿ.

ಈ ಎಚ್ಚರಿಕೆ ಹೊರಗಿನವರು ಮಾತ್ರ ಕೊಟ್ಟದ್ದಲ್ಲ. ದೊಡ್ಡ ಪೆಂತೆಕೋಸ್ತ್ ಪಂಗಡಗಳಲ್ಲೊಂದಾದ ಅಮೆರಿಕದ ಅಸೆಂಬ್ಲೀಸ್ ಆಫ್ ಗಾಡ್ 1980ರಲ್ಲಿಯೇ ಈ ಬೋಧನೆಯ ಅತಿರೇಕಗಳನ್ನು ಒಪ್ಪದೆ ತನ್ನ ನಿಲುವನ್ನು ಬರೆದು ಪ್ರಕಟಿಸಿತು. ಬೈಬಲನ್ನೇ ಮುಂದಿಟ್ಟು ಕೇಳುವುದಾದರೂ ಅಷ್ಟೆ. ಪೌಲ ತನ್ನ ಮೈಯ ಮುಳ್ಳಿಗಾಗಿ ಮೂರು ಸಲ ಬೇಡಿಕೊಂಡ, ಮುಳ್ಳು ಹೋಗಲಿಲ್ಲ. ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದದ್ದನ್ನು ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಬರೆದ. ಎಂಬತ್ತೆಂಟನೆಯ ಕೀರ್ತನೆ ಮೊರೆಯಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಬೆಳಕಿನ ಸಾಲನ್ನು ಯಾರೂ ಸೇರಿಸಲಿಲ್ಲ. ಒಳಮಾತು ಸುಳ್ಳೂ ಆಗಬಹುದು ಎಂಬುದಕ್ಕೆ ಲೂಕನ ಹನ್ನೆರಡನೆಯ ಅಧ್ಯಾಯದ ಸಾಹುಕಾರನಿದ್ದಾನೆ. ಕಣಜ ತುಂಬಿದೆ, ಆರಾಮಾಗಿರು ಎಂದು ಅವನು ತನ್ನ ಜೀವಕ್ಕೆ ಧೈರ್ಯ ಹೇಳಿಕೊಂಡ. ಅದೇ ರಾತ್ರಿ ಆ ಜೀವ ಹೋಗುವುದಿತ್ತು.

ಮನಶ್ಶಾಸ್ತ್ರದ ಒಂದು ಅಧ್ಯಯನವನ್ನೂ ಇಲ್ಲಿ ನೆನೆಯಬೇಕು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆ್ಯನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ್ದು. ನಾನು ಪ್ರೀತಿಗೆ ಯೋಗ್ಯ ಎಂಬರ್ಥದ ವಾಕ್ಯವನ್ನು ತಮಗೆ ತಾವೇ ಮತ್ತೆಮತ್ತೆ ಹೇಳಿಕೊಂಡಾಗ ಆತ್ಮಗೌರವ ಮೊದಲೇ ಇದ್ದವರಿಗೆ ಕೊಂಚ ಹಿತವೆನಿಸಿತು. ಅದು ಕಡಿಮೆಯಿದ್ದವರ ಮನಸ್ಸು ಇನ್ನಷ್ಟು ಕುಗ್ಗಿತು. ಔಷಧಿ ಯಾರಿಗೆ ಬೇಕಿತ್ತೋ ಅವರಿಗೇ ಕಹಿಯಾಯಿತು. ಹಾಗಾದರೆ ಸಭೆಯಲ್ಲಿ ಬೆನ್ನು ನೆಟ್ಟಗಾದವಳು? ಅವಳು ಕನ್ನಡಿಯ ಮುಂದೆ ಒಬ್ಬಳೇ ನಿಂತು ಹೇಳಿಕೊಂಡದ್ದಲ್ಲ. ಸುತ್ತ ಇದ್ದವರು ಆಮೆನ್ ಎಂದರು, ಆಮೇಲೆ ಅವಳ ಪಕ್ಕದಲ್ಲಿ ಕೂತು ಉಂಡರು. ವ್ಯತ್ಯಾಸ ಅಲ್ಲಿರಬಹುದು ಎಂದು ನನ್ನ ಊಹೆ.

ನನಗೆ ದಾರಿ ಕಾಣಿಸಿದ್ದು ನಮ್ಮ ನುಡಿಯ ಒಂದು ಪದದಿಂದ. ಪಾಪವನ್ನು ಒಪ್ಪಿಕೊಳ್ಳುವುದಕ್ಕೂ ಯೇಸು ಕರ್ತನೆಂದು ಬಾಯಿಂದ ಹೇಳುವುದಕ್ಕೂ ಕನ್ನಡ ಬೈಬಲ್ ‘ಅರಿಕೆ’ ಎಂಬ ಒಂದೇ ಪದವನ್ನು ಬಳಸುತ್ತದೆ. ಗ್ರೀಕ್ ಮೂಲದ ಪದಕ್ಕೆ ಒಂದೇ ಮಾತನ್ನಾಡು, ಸಮ್ಮತಿಸು ಎಂದರ್ಥ. ಕನ್ನಡದ ಅರಿಕೆ ಹುಟ್ಟಿದ್ದು ‘ಅರಿ’ಯಿಂದ: ತಿಳಿದದ್ದನ್ನು, ಇದ್ದದ್ದನ್ನು ದೊಡ್ಡವರ ಮುಂದೆ ವಿನಯದಿಂದ ತಿಳಿಸುವುದು. ಹಳೆಯ ಪುಸ್ತಕಗಳ ಮೊದಲ ಪುಟದಲ್ಲಿ ಲೇಖಕರು ಓದುಗರಿಗೆ ಮಾಡುವುದೂ ಅರಿಕೆಯೇ. ಅರಿಕೆ ಮಾಡುವವರು ಅಪ್ಪಣೆ ಕೊಡುವುದಿಲ್ಲ. ಘೋಷಣೆಯ ಬೋಧನೆ ಎಡವುವುದು ಅರಿಕೆ ಅಪ್ಪಣೆಯಾಗುವ ಆ ಗೆರೆಯಲ್ಲಿ. ನಾವು ಅಪ್ಪಣೆ ಕೊಡುತ್ತಿಲ್ಲ, ದೇವರ ವಾಗ್ದಾನವನ್ನೇ ಆತನಿಗೆ ನೆನಪಿಸುತ್ತಿದ್ದೇವೆ ಎಂದು ಅವರು ಹೇಳುವುದುಂಟು. ಹಾಗೆ ನೆನಪಿಸುವವರ ಪ್ರಾರ್ಥನೆಯನ್ನು ನಾನು ಗೌರವಿಸುತ್ತೇನೆ. ಆದರೆ ಜ್ವರವನ್ನು ಜ್ವರವೆಂದು ಹೇಳಲು ಬಿಡದ ಪ್ರಾರ್ಥನೆಯಲ್ಲಿ ಅರಿಕೆ ಎಲ್ಲಿದೆ?

ನಲವತ್ತೆರಡನೆಯ ಕೀರ್ತನೆಯ ಕವಿ ತನ್ನ ಜೀವದೊಡನೆಯೇ ಮಾತಾಡುತ್ತಾನೆ. ಯಾಕೆ ಕುಗ್ಗಿದ್ದೀ ಎಂದು ಕೇಳುತ್ತಾನೆ, ಕುಗ್ಗಿಲ್ಲ ಎನ್ನುವುದಿಲ್ಲ. ಹಗಲಿರುಳು ಕಣ್ಣೀರೇ ಊಟವಾಯಿತೆಂದು ಹೇಳಿಕೊಂಡ ಬಾಯಿಂದಲೇ ದೇವರನ್ನು ನಿರೀಕ್ಷಿಸು ಎಂದು ತನಗೆ ತಾನು ಹೇಳುತ್ತಾನೆ. ವೈದ್ಯವೃತ್ತಿ ಬಿಟ್ಟು ಬೋಧಕರಾದ ಲಂಡನ್ನಿನ ಮಾರ್ಟಿನ್ ಲಾಯ್ಡ್-ಜೋನ್ಸ್ ಇದೇ ಕೀರ್ತನೆಯನ್ನು ಹಿಡಿದು, ನಾವು ನಮ್ಮೊಳಗಿನ ಮಾತನ್ನು ಕೇಳಿಸಿಕೊಳ್ಳುತ್ತ ಕೂರುತ್ತೇವೆ, ನಾವೇ ಅದಕ್ಕೆ ಮಾತಾಡಬೇಕು ಎಂದು ಬೋಧಿಸಿದರು. ನಮ್ಮ ಅಜ್ಜಿಯರು ಇಷ್ಟನ್ನು ಒಂದೇ ಮಾತಿನಲ್ಲಿ ಹೇಳಿಕೊಟ್ಟಿದ್ದಾರೆ.

ಬೆಳಿಗ್ಗೆ ಗುಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಾಗಲಕೋಟೆಯ ದವಾಖಾನೆಗೆ ಹೊರಟವರು ಇರುತ್ತಾರೆ. ಕೈಯಲ್ಲಿ ಚೀಟಿ, ಹಳೆಯ ರಿಪೋರ್ಟು, ಬುತ್ತಿ, ಕೆಲವರ ಚೀಲದಲ್ಲಿ ಬೈಬಲು. ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ‘ಮೈಯಾಗ ಆರಾಮಿಲ್ಲರಿ, ತೋರಿಸಿಕೊಂಡ ಬರಬೇಕು’ ಎನ್ನುತ್ತಾರೆ. ಬಸ್ಸು ಬಂದಾಗ ಕಳಿಸಲು ಬಂದವರತ್ತ ತಿರುಗಿ, ಮೆಟ್ಟಿಲ ಮೇಲೆ ಕಾಲಿಟ್ಟು, ‘ಹೋಗಿ ಬರ್ತೀನ್ರಿ’ ಎನ್ನುತ್ತಾರೆ.