ಕಾಯವನ್ನು ಅಳೆಯುವುದು, ಕಾಯವನ್ನು ಕಾಯುವುದು

ವ್ಯಾಕರಣ-ಛಂದಸ್ಸುಗಳನ್ನು ಬೋಧಿಸುವವನು ಕಾಲ್ಚೆಂಡಾಟದ ವಿಷಯವಾಗಿ ಲೇಖನಿ ಹಿಡಿದುದು ವಾಚಕ ಮಹಾಶಯರಿಗೆ ಸೋಜಿಗವೆನಿಸಬಹುದು. ಆದರೆ ಲಘು-ಗುರುಗಳನ್ನೆಣಿಸುವುದೇ ಕಸುಬಾದವನಿಗೆ ಅಳತೆಯ ಬೆಲೆಯೂ ಗೊತ್ತು, ಅದರ ಮಿತಿಯೂ ಗೊತ್ತು. ಮಾತ್ರೆ ತಪ್ಪದ ಪದ್ಯವೆಲ್ಲ ಕಾವ್ಯವಾಗದಷ್ಟೆ.

ಇಂದು ಯೂರೋಪಿನ ದೊಡ್ಡ ತಂಡಗಳ ಆಟಗಾರರು ಅಂಗಿಯೊಳಗೆ ಬಿಗಿಯಾದ ಒಳಕುಪ್ಪಸವೊಂದನ್ನು ಧರಿಸುತ್ತಾರೆ. ಅದರ ಬೆನ್ನಿನಲ್ಲಿ, ಎರಡು ಹೆಗಲುಗಳ ನಡುವೆ, ಕಿರಿದಾದೊಂದು ಯಂತ್ರವಿರುತ್ತದೆ. ಉಪಗ್ರಹಗಳ ಸಂಕೇತಗಳ ನೆರವಿನಿಂದ ಅದು ಆಟಗಾರನು ಓಡಿದ ದೂರವನ್ನೂ ವೇಗವನ್ನೂ ಗುರುತಿಸುತ್ತದೆ. ಎದೆಪಟ್ಟಿಯು ಹೃದಯದ ಬಡಿತವನ್ನೆಣಿಸುತ್ತದೆ. ಒಂದು ಪಂದ್ಯದಲ್ಲಿ ಆಟಗಾರನು ಸಾಮಾನ್ಯವಾಗಿ 10ರಿಂದ 12 ಕಿಲೋಮೀಟರು ಓಡುತ್ತಾನೆ. ಯಾರಿಗೆ ವಿಶ್ರಾಂತಿ ಬೇಕು, ಗಾಯದಿಂದ ಚೇತರಿಸಿಕೊಂಡವನಿಗೆ ಎಷ್ಟು ಅಭ್ಯಾಸ ತಕ್ಕುದು ಎಂಬುದನ್ನು ನಿರ್ಣಯಿಸಲು ಈ ಅಂಕಿಗಳು ನೆರವಾಗುತ್ತವೆ. ಆಟದ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಮಂಡಲಿಯು 2015ರಲ್ಲಿ ಪಂದ್ಯಗಳಲ್ಲಿಯೂ ಇಂಥ ಯಂತ್ರಗಳಿಗೆ ಅನುಮತಿಯಿತ್ತಿತು.

ಪರೀಕ್ಷೆಯಿಂದಾಗುವ ಉಪಕಾರವನ್ನು ಅಲ್ಲಗಳೆಯಲಾಗದು. ಇಟಲಿಯಲ್ಲಿ ಸ್ಪರ್ಧಾಳುಗಳ ಹೃದಯತಪಾಸಣೆಯು 1982ರಿಂದ ಕಡ್ಡಾಯವಾಗಿದೆ. ಅಲ್ಲಿಯ ವೆನೆಟೊ ಪ್ರಾಂತದಲ್ಲಿ ತರುಣ ಕ್ರೀಡಾಪಟುಗಳ ಹಠಾತ್ ಹೃದಯಮರಣವು ವರ್ಷಕ್ಕೆ ಲಕ್ಷದಲ್ಲಿ 3.6ರಷ್ಟಿದ್ದುದು, 2004ರ ವೇಳೆಗೆ 0.4ಕ್ಕಿಳಿಯಿತು.

ಆದರೂ ಅದೇ ಇಟಲಿಯ ತಂಡವೊಂದರಲ್ಲಿದ್ದ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಅವರು 2021ರ ಜೂನ್ 12ರಂದು, ಕೋಪನ್‌ಹೇಗನ್ನಿನಲ್ಲಿ ಸ್ವದೇಶದ ಪರವಾಗಿ ಆಡುತ್ತಿದ್ದಾಗ, ಯಾರೊಡನೆಯೂ ಡಿಕ್ಕಿಯಾಗದೆಯೇ ಹೃದಯ ಸ್ತಂಭಿಸಿ ಕುಸಿದರು. ಅವರನ್ನು ಉಳಿಸಿದುದು ತಕ್ಷಣ ಓಡಿಬಂದ ಜನ, ಎದೆಯೊತ್ತಿದ ಕೈಗಳು ಮತ್ತು ವಿದ್ಯುದಾಘಾತದಿಂದ ಹೃದಯವನ್ನು ಲಯಕ್ಕೆ ತರುವ ಡಿಫಿಬ್ರಿಲೇಟರ್ ಎಂಬ ಉಪಕರಣ. ಮುಂದೆ ಎದೆಯೊಳಗೆ ರಕ್ಷಕಯಂತ್ರವನ್ನು ಅಳವಡಿಸಿಕೊಂಡು, 2022ರಲ್ಲಿ ಇಂಗ್ಲೆಂಡಿನಲ್ಲಿ ಅವರು ಮತ್ತೆ ಆಟಕ್ಕಿಳಿದರು.

ಇದು ದೂರದೇಶದ ಸುದ್ದಿಯೆಂದು ನಾವು ಸುಮ್ಮನಿರುವಂತಿಲ್ಲ. 2004ರ ಡಿಸೆಂಬರ್ 5ರಂದು ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿಯೇ, ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯದಲ್ಲಿ, ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಅವರು ಗೋಲು ಹೊಡೆದ ಕ್ಷಣದಲ್ಲಿ ಎದುರಾಳಿ ಗೋಲ್‌ಕೀಪರರೊಡನೆ ಡಿಕ್ಕಿಯಾಗಿ ನೆಲಕ್ಕುರುಳಿದರು; ಮತ್ತೆ ಏಳಲಿಲ್ಲ. ಅವರ ತಂಡ ಗೆದ್ದಿತು. ಆ ಗೆಲುವನ್ನು ಯಾರು ತಾನೆ ಸಂಭ್ರಮಿಸಿಯಾರು?

ಇನ್ನೊಂದು ಪ್ರಶ್ನೆಯುಂಟು: ಈ ಅಂಕಿಗಳು ಯಾರ ಸೊತ್ತು? ಒಬ್ಬನ ದಣಿವಿನ ಲೆಕ್ಕವು ಅವನ ವಿಶ್ರಾಂತಿಗೆ ಕಾರಣವಾಗಬಹುದು. ಅವನ ಬೆಲೆಯಿಳಿಸಿ ಹೊರಹಾಕುವುದಕ್ಕೂ ನೆಪವಾಗಬಹುದು. ತಮ್ಮ ಅಂಕಿಗಳನ್ನು ನೋಡುವ, ತಿದ್ದಿಸುವ, ಅಳಿಸುವ ಅಧಿಕಾರ ಆಟಗಾರರಿಗಿರಬೇಕೆಂಬ ಸನ್ನದೊಂದು 2022ರಲ್ಲಿ ಹೊರಬಂದಿತು. ಹಣ-ಹೆಸರುಗಳುಳ್ಳ ಆಟಗಾರರಿಗೇ ಇಂಥ ರಕ್ಷಣೆ ಬೇಕಾದರೆ, ಗುರುಗಳ ಮಾತನ್ನು ಮೀರಲರಿಯದ ಬಾಲಕನ ಗತಿಯೇನು? ಶಾಲೆಗಳಿಗೆ ಯಂತ್ರ ಬಂದ ದಿನ, ಅದರ ಲೆಕ್ಕವು ಆ ಬಾಲಕನ ಹಿತಕ್ಕಲ್ಲದೆ ಬೇರಾವುದಕ್ಕೂ ಬಳಕೆಯಾಗಬಾರದು.

ಸಂಸ್ಕೃತದ 'ಕಾಯ'ವೆಂದರೆ ದೇಹ. ಕನ್ನಡದ 'ಕಾಯ್' ಧಾತುವಿಗೆ ರಕ್ಷಿಸು ಎಂದರ್ಥ. ಮೂಲಗಳು ಬೇರೆಯಾದರೂ ಕಿವಿಗೆ ಅವು ಒಡಹುಟ್ಟಿದ ಮಾತುಗಳೆನಿಸುತ್ತವೆ. ಅಳೆಯುವುದು ಕಾಯುವುದಕ್ಕಾಗಿ, ಕಾಯುವವರಿಲ್ಲದೆಡೆ ಅಳತೆ ಬರಿಯ ಲೆಕ್ಕ.

ಆದುದರಿಂದ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ಬಿನ್ನಹವಿಷ್ಟೆ. ನಮ್ಮ ಮಕ್ಕಳಿಗೆ ಬೆಲೆಬಾಳುವ ಒಳಕುಪ್ಪಸಗಳು ಸದ್ಯಕ್ಕೆ ಬೇಡ. ಆಟದ ಬಯಲಿನ ಪಕ್ಕದಲ್ಲಿ ಡಿಫಿಬ್ರಿಲೇಟರ್ ಒಂದಿರಲಿ. ಅದು ತಾನೇ ಮಾತಿನಲ್ಲಿ ಸೂಚನೆ ಕೊಡುವುದರಿಂದ ವೈದ್ಯರಲ್ಲದವರೂ ಬಳಸಬಹುದು. ಎದೆಯೊತ್ತುವ ಕ್ರಮವನ್ನು ಕನ್ನಡ ಪಂಡಿತನೂ ಸೇರಿದಂತೆ ಶಿಕ್ಷಕರೆಲ್ಲರೂ ಕಲಿಯಲಿ. ಹೃದಯ ನಿಂತ ಮೇಲೆ ನೆರವಿಲ್ಲದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ನೂರಕ್ಕೆ 7ರಿಂದ 10ರಷ್ಟು ಕುಗ್ಗುತ್ತದೆಂದು ವೈದ್ಯರು ಹೇಳುತ್ತಾರೆ. "ಎದೆ ನೋಯುತ್ತದೆ, ಗುರುಗಳೇ" ಎಂದು ಹುಡುಗನು ಹೇಳಿದರೆ, ಅದನ್ನು ಮೈಗಳ್ಳತನವೆಂದು ಗದರಿಸದೆ ಆಟದಿಂದ ಹೊರಗೆ ಕೂರಿಸುವ ವಿವೇಕ ನಮ್ಮಲ್ಲಿರಲಿ. ಈ ಕೊನೆಯದಕ್ಕೆ ಯಾವ ದಾನಿಯ ಹಣವೂ ಬೇಕಾಗಿಲ್ಲ.