ಅಳುವಿಗೊಂದು ಅಳತೆ

‘ಅಳು’, ‘ಅಳೆ’ – ಕನ್ನಡದ ಈ ಎರಡು ಧಾತುಗಳಿಗೆ ಕೊನೆಯ ಸ್ವರವೊಂದರ ಅಂತರವಷ್ಟೆ. ಕನ್ನಡ ಪಾಠ ಹೇಳುವ ನನಗೆ ಇದು ವ್ಯಾಕರಣದ ವಿನೋದವಾಗಿತ್ತು. ಅವೆರಡನ್ನೂ ಒಟ್ಟಿಗೆ ಕೂರಿಸಿ ನನಗೆ ಬುದ್ಧಿ ಹೇಳಿದವಳು ನಾಲ್ಕು ವರ್ಷದ ನಮ್ಮ ಮಗಳು.

“ಮಹಾ ಹಟಮಾರಿ ಕಣೋ ಇವಳು, ಮೂರು ಹೊತ್ತೂ ಅಳುತ್ತಾಳೆ” ಎಂಬುದು ನಮ್ಮ ತಾಯಿಯವರ ತೀರ್ಪು. “ಅಷ್ಟೇನಿಲ್ಲ ಅತ್ತೆ, ಸಂಜೆಯ ಹೊತ್ತು ಸ್ವಲ್ಪ” ಎಂಬುದು ಮನೆಯಾಕೆಯ ಮೇಲ್ಮನವಿ. ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡ ನನಗೆ ತಾಳ್ಮೆ ಕಡಿಮೆ. ಒಂದು ಸಂಜೆ ಮಗುವಿನ ಮೇಲೆ ಕೈಯೆತ್ತಿದೆ; ಹೇಗೋ ಇಳಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಹಿಂದೊಮ್ಮೆ ಓದಿದ್ದ ಸಂಶೋಧನೆಯೊಂದು ಆಗ ನೆನಪಾಯಿತು.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಶಿಶುವಿಹಾರದಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಬಹಳ ಅಳುತ್ತಿದ್ದ. ಅವನನ್ನು ಕುರಿತು ಬೆಟ್ಟಿ ಹಾರ್ಟ್ ಮತ್ತು ಅವರ ಸಂಗಡಿಗರು ೧೯೬೪ರಲ್ಲಿ ಬರೆದರು. ‘ಬಹಳ’ ಎಂಬ ಮಾತಿಗೆ ಅವರು ತೃಪ್ತರಾಗಲಿಲ್ಲ. ಅಳುವೆಂದರೇನು ಎಂಬುದನ್ನೇ ಮೊದಲು ನಿರ್ಣಯಿಸಿದರು: ಕನಿಷ್ಠ ೫೦ ಅಡಿ ದೂರಕ್ಕೆ ಕೇಳಿಸಬೇಕು, ೫ ಸೆಕೆಂಡಾದರೂ ನಡೆಯಬೇಕು. ಪೆಟ್ಟು ಬಿದ್ದು ಅಳುವುದು ಬೇರೆ, ಗಮನ ಸೆಳೆಯಲು ಅಳುವುದು ಬೇರೆ ಎಂದೂ ವಿಂಗಡಿಸಿದರು. ಉಪಾಧ್ಯಾಯಿನಿ ಜೇಬಿನಲ್ಲಿ ಎಣಿಕೆಯ ಯಂತ್ರವೊಂದನ್ನಿಟ್ಟುಕೊಂಡು ಅಳುವಿಗೊಮ್ಮೆ ಅದನ್ನು ಒತ್ತಿದರು. ಒಂದು ಬೆಳಗಿಗೆ ೫ರಿಂದ ೧೦ ಸಲ! ಬಳಿಕ ಆ ಬಗೆಯ ಅಳುವಿಗೆ ಗಮನ ಕೊಡದೆ, ಹುಡುಗ ತನ್ನ ಕಷ್ಟವನ್ನು ತಾನೇ ಸುಧಾರಿಸಿಕೊಂಡಾಗ ಗಮನ ಕೊಟ್ಟರು. ಐದು ದಿನಗಳೊಳಗೆ ಎಣಿಕೆ ೨ಕ್ಕೂ ಸೊನ್ನೆಗೂ ಇಳಿಯಿತು. ಹಳೆಯಂತೆ ಅಳುವಿಗೆ ಗಮನ ಕೊಟ್ಟಾಗ ಮತ್ತೆ ಏರಿತು. ನಿಲ್ಲಿಸಿದಾಗ ಮತ್ತೆ ಇಳಿಯಿತು.

ಅನ್ವಯಿಕ ವರ್ತನಾ ವಿಶ್ಲೇಷಣೆ ಎಂಬ ಶಾಸ್ತ್ರದ ಮೊದಲ ಮೆಟ್ಟಿಲೇ ಇದು. ‘ಹಟಮಾರಿ’, ‘ಸೋಮಾರಿ’ ಎಂಬುವು ಬಿರುದುಗಳು, ಬಿರುದನ್ನು ಎಣಿಸಲಾಗದು. ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಕ್ರಿಯೆಯನ್ನು ಹೆಸರಿಸಬೇಕು. ಯಾವುದು ಒಳಗೆ, ಯಾವುದು ಹೊರಗೆ ಎಂಬ ಗಡಿಯನ್ನು ಹಾಕಬೇಕು. ಆಮೇಲೆ ಅಳತೆ: ಎಷ್ಟು ಸಲ, ಎಷ್ಟು ಹೊತ್ತು, ಕರೆದ ಎಷ್ಟು ಹೊತ್ತಿಗೆ. ಹತ್ತು ಸಲ ಬಿಕ್ಕಿದ ಮಗುವೂ ಒಂದೇ ಸಲ ಅರ್ಧ ಗಂಟೆ ಅತ್ತ ಮಗುವೂ ಒಂದೇ ಅಲ್ಲ. ಹೆಣವೂ ಮಾಡಬಲ್ಲದ್ದು ವರ್ತನೆಯೇ ಅಲ್ಲ ಎಂಬುದು ಆಗ್ಡನ್ ಲಿಂಡ್ಸ್ಲಿ ಅವರ ಒರಟು ಒರೆಗಲ್ಲು. ಆ ಲೆಕ್ಕದಲ್ಲಿ “ಸುಮ್ಮನೆ ಬಿದ್ದಿರು” ಎಂಬುದು ಮಗುವಿಗೆ ಇಡಬಹುದಾದ ಗುರಿಯಲ್ಲ.

ಕೊನೆಯದಾಗಿ, ಇಬ್ಬರು ಬೇರೆಬೇರೆಯಾಗಿ ನೋಡಿ ಬರೆದುಕೊಳ್ಳಬೇಕು. ಇಬ್ಬರೂ ಒಪ್ಪಿದ ಸಂದರ್ಭಗಳು ನೂರಕ್ಕೆ ಎಂಬತ್ತಾದರೂ ಇದ್ದರೆ ಅಳತೆಯನ್ನು ನಂಬಬಹುದೆಂಬುದು ರೂಢಿ.

ಮರುದಿನ ಅತ್ತೆ ಸೊಸೆಯರಿಬ್ಬರಿಗೂ ಒಂದೊಂದು ಹಿಡಿ ಹುಣಸೆಬೀಜ ಕೊಟ್ಟೆ. ಅಳುವಿಗೊಂದು ಬೀಜ ಡಬ್ಬಿಗೆ. ಸಂಜೆ ನೋಡಿದರೆ ತಾಯಿಯವರ ಡಬ್ಬಿಯಲ್ಲಿ ಒಂಬತ್ತು, ಮನೆಯಾಕೆಯದರಲ್ಲಿ ಮೂರು! ಅಮ್ಮ ಮುಖ ಊದಿಸಿಕೊಂಡದ್ದನ್ನೂ ಎಣಿಸಿದ್ದರು. ಕೂತು ಗಡಿ ಹಾಕಿದೆವು: ನಡುಮನೆಯ ಅಳು ಅಡಿಗೆಮನೆಗೆ ಕೇಳಿಸಬೇಕು, ಹತ್ತು ಎಣಿಸುವವರೆಗೆ ನಿಲ್ಲಬಾರದು, ಬಿದ್ದು ಅತ್ತರೆ ಲೆಕ್ಕಕ್ಕಿಲ್ಲ, ಎತ್ತಿಕೊಳ್ಳುವುದೇ ಸರಿ. ಅಂದಿನಿಂದ ಎರಡು ಡಬ್ಬಿಗಳೂ ಒಂದೇ ಮಾತು ಹೇಳಿದವು – ದಿನಕ್ಕೆ ನಾಲ್ಕು. ಹೊತ್ತನ್ನೂ ಗುರುತಿಸಿದೆವು. ವಾರದ ಕೊನೆಗೆ ಗುಟ್ಟು ರಟ್ಟಾಯಿತು. ಹೆಚ್ಚಿನ ಅಳುವೆಲ್ಲ ನಾನು ಪತ್ರಿಕೆಗಳ ಕಟ್ಟನ್ನು ಬಿಚ್ಚಿದ ಮೇಲೆಯೇ. ಮಗು “ಅಪ್ಪಾ” ಎಂದು ಮೂರು ಸಲ ಕರೆಯುತ್ತಿದ್ದಳಂತೆ. ನಾನು “ಹೂಂ” ಎನ್ನುತ್ತಿದ್ದೆ, ತಲೆ ಎತ್ತುತ್ತಿರಲಿಲ್ಲ. ಅತ್ತಾಗ ಮಾತ್ರ ಎತ್ತುತ್ತಿದ್ದೆ. ಅಳದಿದ್ದರೆ ತಾಯಿಯೂ ಹಾಲು ಕೊಡಳೆಂಬ ಗಾದೆಯನ್ನು ಅವಳಿಗೆ ಕಲಿಸಿದ ಗುರು ನಾನೇ!

ಅಳೆಯಬಲ್ಲೆವೆಂದು ಎಲ್ಲವನ್ನೂ ತಿದ್ದಹೊರಡುವುದೂ ಸಲ್ಲದು. ಆರಿಸಿದ ವರ್ತನೆ ಆ ವ್ಯಕ್ತಿಗೂ ಸಮಾಜಕ್ಕೂ ಮುಖ್ಯವಾಗಿರಬೇಕೆಂದು ಬೇಯರ್, ವುಲ್ಫ್, ರಿಸ್ಲಿ ಎಂಬ ಮೂವರು ೧೯೬೮ರಲ್ಲೇ ಬರೆದರು. ಯಾರಿಗೂ ತೊಂದರೆಯಿಲ್ಲದ ತಮ್ಮ ಕೈಯಾಡಿಸುವಿಕೆಯನ್ನು ನಿಲ್ಲಿಸಹೊರಟದ್ದು ಯಾರ ಹಿತಕ್ಕೆ ಎಂದು ಆಟಿಸಂ ಉಳ್ಳ ವಯಸ್ಕರು ಇಂದು ಕೇಳುತ್ತಿದ್ದಾರೆ. ಕೇಳಬೇಕಾದ ಪ್ರಶ್ನೆಯೇ.

ನಮ್ಮ ಮನೆಯ ಎಣಿಕೆ ಸಂಶೋಧನೆಯಲ್ಲ; ಮಗುವನ್ನು ಮತ್ತೆ ಅಳಿಸಿ ಪರೀಕ್ಷಿಸುವ ಧೈರ್ಯ ನನಗಿಲ್ಲ. ಈಗ ನಾವು ಎಣಿಸುವುದು ಅವಳ ಅಳುವನ್ನಲ್ಲ. ಅವಳು “ಅಪ್ಪಾ” ಎಂದ ಎಷ್ಟು ಹೊತ್ತಿಗೆ ನಾನು ತಲೆ ಎತ್ತುತ್ತೇನೆಂಬುದನ್ನು. ಹುಣಸೆಬೀಜ ಅಮ್ಮನ ಕೈಯಲ್ಲಿದೆ. ಐದು ಎಣಿಸುವುದರೊಳಗೆ ತಲೆ ಎತ್ತದಿದ್ದರೆ ನನ್ನ ಹೆಸರಿಗೊಂದು ಬೀಜ. ನಿನ್ನೆಯ ಲೆಕ್ಕ ಎರಡು.